ಒಂದು ತಲೆಗೆ 12 ಪಾಯಿಂಟ್

ಉಕ್ರೇನ್ ಸೇನೆಯ ಡ್ರೋನ್ ತುಕಡಿಗಳಲ್ಲಿ ಈಗ ಅಂಕಗಳ ಲೆಕ್ಕ ನಡೆಯುತ್ತದೆ. ರಷ್ಯಾದ ಟ್ಯಾಂಕ್ ಒಂದನ್ನು ನಾಶ ಮಾಡಿದರೆ 40 ಪಾಯಿಂಟ್, ರಾಕೆಟ್ ಲಾಂಚರ್ ಆದರೆ 50ರವರೆಗೆ. ಒಬ್ಬ ಕಾಲಾಳು ಸೈನಿಕನನ್ನು ಕೊಂದರೆ ಮೊದಲು 6 ಸಿಗುತ್ತಿತ್ತು, 2025ರಲ್ಲಿ ಅದನ್ನು 12ಕ್ಕೆ ಏರಿಸಿದರು. ಹೊಡೆದದ್ದಕ್ಕೆ ಸಾಕ್ಷಿಯಾಗಿ ಡ್ರೋನಿನ ವಿಡಿಯೊ ಕಳಿಸಬೇಕು. ಕೀವ್‌ನಲ್ಲಿ ಕುಳಿತವರು ಅದನ್ನು ನೋಡಿ, ಪರಿಶೀಲಿಸಿ, ಪಾಯಿಂಟ್ ಜಮೆ ಮಾಡುತ್ತಾರೆ. ಹಾಗೆ ಕೂಡಿದ ಪಾಯಿಂಟ್‌ಗಳನ್ನು ಕೊಟ್ಟು 'ಬ್ರೇವ್1' ಎಂಬ ಸರ್ಕಾರಿ ಆನ್‌ಲೈನ್ ಮಾರುಕಟ್ಟೆಯಲ್ಲಿ ತುಕಡಿಗಳು ಹೊಸ ಡ್ರೋನ್ ಕೊಳ್ಳುತ್ತವೆ. 'ವ್ಯಾಂಪೈರ್' ಎಂಬ ಭಾರಿ ಡ್ರೋನಿಗೆ 43 ಪಾಯಿಂಟ್ ಎಂದು ವರದಿಯಾಗಿತ್ತು. ತಲೆಗೆ 6 ಇದ್ದ ಕಾಲದ ದರದಲ್ಲಿ ಎಂಟು ಹೆಣ, ಮೇಲೆ ಐದು ಪಾಯಿಂಟ್ ಚಿಲ್ಲರೆ.

ಇದನ್ನು ಓದಿ ಉಕ್ರೇನನ್ನು ಬೈಯುವುದು ಸುಲಭ. ಆದರೆ ಗಡಿ ದಾಟಿ ಬಂದದ್ದು ರಷ್ಯಾ. ತನಗಿಂತ ದೊಡ್ಡ ಸೈನ್ಯದ ಎದುರು ನಿಂತ ದೇಶ, ಕೈಯಲ್ಲಿರುವ ಅಲ್ಪಸ್ವಲ್ಪ ಸಾಮಗ್ರಿ ಚೆನ್ನಾಗಿ ಬಳಸುವವರ ಕೈಗೇ ಸೇರಲಿ ಎಂದು ಹುಡುಕಿಕೊಂಡ ದಾರಿ ಇದು. ಶತ್ರು ಸೈನಿಕನನ್ನು ರಣರಂಗದಲ್ಲಿ ಕೊಲ್ಲುವುದನ್ನು ಯುದ್ಧದ ಕಾನೂನು ನಿಷೇಧಿಸಿಯೂ ಇಲ್ಲ. ಆ ಲೆಕ್ಕದಲ್ಲಿ ಈ ಪಾಯಿಂಟ್ ಪದ್ಧತಿ ಯಾವ ಕಾನೂನನ್ನೂ ಮುರಿಯುವುದಿಲ್ಲ. ನನ್ನನ್ನು ಕಾಡುವುದೂ ಅದೇ. ಯಾರನ್ನೂ ದ್ವೇಷಿಸದೆ, ಯಾರನ್ನೂ ಹೀಗಳೆಯದೆ, ಕಚೇರಿಯಲ್ಲಿ ಕುಳಿತ ಒಳ್ಳೆಯ ಎಂಜಿನಿಯರುಗಳು ಮನುಷ್ಯನೊಬ್ಬನಿಗೆ ದರ ಕಟ್ಟಬಲ್ಲರು.

ಎದುರಾಳಿಯ ಮನುಷ್ಯತ್ವವನ್ನು ಕಳಚಿ ಹಾಕುವುದು, ಅಂದರೆ ಅಮಾನವೀಕರಣ, ಎಂದ ಕೂಡಲೇ ನಾವು ಬೈಗುಳಗಳನ್ನು ನೆನೆಯುತ್ತೇವೆ. ಕಾರಣವಿದೆ. 1994ರಲ್ಲಿ ರುವಾಂಡಾದ ಆರ್‌ಟಿಎಲ್‌ಎಂ ರೇಡಿಯೊ ಟುಟ್ಸಿ ಜನರನ್ನು ಜಿರಳೆಗಳೆಂದು ಕರೆಯಿತು. ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನ ಸತ್ತರು. ಆ ರೇಡಿಯೊವನ್ನು ಕಟ್ಟಿದ ಇಬ್ಬರನ್ನೂ ಒಬ್ಬ ಪತ್ರಿಕಾ ಸಂಪಾದಕನನ್ನೂ 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅಪರಾಧಿಗಳೆಂದು ಘೋಷಿಸಿತು. ಹಮಾಸ್ ದಾಳಿಯಾದ ಎರಡು ದಿನಕ್ಕೆ, 2023ರ ಅಕ್ಟೋಬರ್ 9ರಂದು, ಇಸ್ರೇಲಿನ ಅಂದಿನ ರಕ್ಷಣಾ ಸಚಿವ ಯೋವ್ ಗ್ಯಾಲಂಟ್ ತಾವು 'ಮಾನವ ಮೃಗ'ಗಳೊಂದಿಗೆ ಕಾದುತ್ತಿದ್ದೇವೆ ಎಂದರು. ನಾಲ್ಕು ತಿಂಗಳಾಗುವ ಮೊದಲೇ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಆದೇಶದಲ್ಲಿ ಆ ಮಾತು ದಾಖಲಾಯಿತು. ಉಕ್ರೇನಿನವರ ಬಾಯಲ್ಲಿ ರಷ್ಯನ್ ಸೈನಿಕ 'ಓರ್ಕ್', ಕಟ್ಟುಕಥೆಯ ರಾಕ್ಷಸ. ರಷ್ಯಾದ ಟಿವಿಯಲ್ಲಿ ಉಕ್ರೇನಿನವರು ನಾಜಿಗಳು.

ಬೈಗುಳಕ್ಕೆ ಶಕ್ತಿಯಿದೆ ಎಂಬುದಕ್ಕೆ ಪ್ರಯೋಗದ ಆಧಾರವೂ ಇದೆ. 1975ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟರು: ಪಕ್ಕದ ಕೋಣೆಯಲ್ಲಿರುವ ಗುಂಪು ತಪ್ಪು ನಿರ್ಧಾರ ಮಾಡಿದಾಗಲೆಲ್ಲ ವಿದ್ಯುತ್ ಶಾಕ್ ಕೊಡಬೇಕು, ಎಷ್ಟು ತೀವ್ರ ಎಂಬುದು ಕೊಡುವವರ ಇಷ್ಟ. ಶಾಕ್ ನಿಜವಾದದ್ದಲ್ಲ, ಅದು ಅವರಿಗೆ ಗೊತ್ತಿರಲಿಲ್ಲ. ಶುರುವಾಗುವ ಮುನ್ನ, ಆ ಗುಂಪಿನವರು ಪ್ರಾಣಿಗಳಂಥವರು ಎಂಬ ಮಾತು ಕೆಲವರ ಕಿವಿಗೆ ಬೀಳುವಂತೆ ಮಾಡಿದರು. ಹಾಗೆ ಕೇಳಿಸಿಕೊಂಡವರು ಕೊಟ್ಟ ಶಾಕ್ ಹೆಚ್ಚು ತೀವ್ರವಾಗಿತ್ತು. ಒಳ್ಳೆಯ ಜನ ಎಂದು ಕೇಳಿಸಿಕೊಂಡವರ ಕೈ ಹಿಡಿತದಲ್ಲಿತ್ತು. ಯಾರೋ ಆಡಿದ ಒಂದು ಮಾತು, ಅದೂ ನೇರವಾಗಿ ತಮಗೆ ಹೇಳಿದ್ದಲ್ಲ, ಅಷ್ಟೇ ಸಾಕಾಯಿತು.

ಆದರೆ ಬೈಗುಳದಿಂದಲೇ ಎಲ್ಲವನ್ನೂ ವಿವರಿಸಲು ಹೊರಟರೆ ದಾರಿ ತಪ್ಪುತ್ತೇವೆ. ರುವಾಂಡಾದ ಜೈಲುಗಳಲ್ಲಿ ಇನ್ನೂರಕ್ಕೂ ಹೆಚ್ಚು ಕೊಲೆಗಾರರನ್ನು ಮಾತನಾಡಿಸಿದ ರಾಜ್ಯಶಾಸ್ತ್ರಜ್ಞ ಸ್ಕಾಟ್ ಸ್ಟ್ರಾಸ್ ಅವರಿಗೆ ಬಹುಪಾಲು ಕೇಳಿಬಂದದ್ದು ಹಳೆಯ ದ್ವೇಷದ ಕಥೆಯಲ್ಲ. ಯುದ್ಧದ ಭಯ, ಮೇಲಿನವರ ಆಜ್ಞೆ, ಜೊತೆಗೆ ಹೋಗದಿದ್ದರೆ ತನಗೇ ಅಪಾಯ ಎಂಬ ಊರಿನವರ ಒತ್ತಡ, ಇವೇ ಮುಂದಿದ್ದವು. ಕೊಂದದ್ದು ನೆರೆಯವರನ್ನು, ಕೆಲವೊಮ್ಮೆ ನಂಟರನ್ನು. ಅವರು ಮನುಷ್ಯರೆಂಬುದನ್ನು ಮರೆಯಲು ಅಲ್ಲಿ ಅವಕಾಶವೇ ಇರಲಿಲ್ಲ.

ಇನ್ನೊಂದು ತೊಡಕಿದೆ. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ವಿಯೆನ್ನಾದ ಯಹೂದಿಗಳನ್ನು ಬೀದಿಗೆಳೆದು, ಮೊಣಕಾಲೂರಿಸಿ, ರಸ್ತೆ ಉಜ್ಜಿಸಿದರು. ಸುತ್ತ ಜನ ನಿಂತು ನಕ್ಕರು. ಇಲಿಯನ್ನೋ ಜಿರಳೆಯನ್ನೋ ಯಾರೂ ಹೀಗೆ ಅವಮಾನಿಸುವುದಿಲ್ಲ. ನಿನ್ನೆಯವರೆಗೆ ಗೌರವದಿಂದ ಬಾಳಿದ ಡಾಕ್ಟರು, ವಕೀಲರು ಇಂದು ಮಂಡಿಯೂರಿದ್ದಾರೆ ಎಂಬುದರಲ್ಲೇ ಆ ಜನಕ್ಕೆ ಖುಷಿಯಿತ್ತು. ತತ್ತ್ವಶಾಸ್ತ್ರಜ್ಞೆ ಕೇಟ್ ಮ್ಯಾನ್ ಒತ್ತಿ ಹೇಳುವುದು ಇದನ್ನೇ: ಎಷ್ಟೋ ಕ್ರೌರ್ಯಗಳು ಎದುರಿಗಿರುವವರನ್ನು ಮನುಷ್ಯರೆಂದು ಚೆನ್ನಾಗಿ ಬಲ್ಲವರೇ ಎಸಗುವಂಥವು. ಹಾಗಿದ್ದರೆ 'ಶತ್ರುವೂ ಮನುಷ್ಯನೇ' ಎಂದು ನೆನಪಿಸಿದರೆ ಕೈ ತಡೆಯುತ್ತದೆ ಎಂಬ ನಮ್ಮ ನಂಬಿಕೆ ಅರ್ಧ ಮಾತ್ರ ನಿಜ.

ದೂರದ ಬಗ್ಗೆಯೂ ಇಂಥದೇ ನಂಬಿಕೆಯಿತ್ತು. ಎದುರಾಳಿ ಕಾಣದಷ್ಟೂ ಕೊಲ್ಲುವುದು ಸುಲಭ, ಕಣ್ಣಿಗೆ ಕಣ್ಣು ಸೇರಿದಷ್ಟೂ ಕಷ್ಟ ಎಂದು ಯುದ್ಧದ ಮನಶ್ಶಾಸ್ತ್ರ ಬಹುಕಾಲ ಹೇಳಿಕೊಂಡು ಬಂತು. 1945ರ ಮಾರ್ಚ್‌ನ ಒಂದೇ ರಾತ್ರಿ ಟೋಕಿಯೊ ಮೇಲೆ ಬೆಂಕಿಬಾಂಬು ಸುರಿದು ಸುಮಾರು 1 ಲಕ್ಷ ಜನರನ್ನು ಸುಟ್ಟ ವಿಮಾನಗಳಲ್ಲಿದ್ದವರಿಗೆ ಒಂದು ಮುಖವೂ ಕಂಡಿರಲಿಲ್ಲ. ಎಫ್‌ಪಿವಿ ಡ್ರೋನ್, ಅಂದರೆ ಅದರ ಕ್ಯಾಮೆರಾದ ಕಣ್ಣಿನಿಂದಲೇ ನೋಡುತ್ತ ನಡೆಸುವ ಡ್ರೋನ್, ಈ ಸೂತ್ರವನ್ನು ತಲೆಕೆಳಗು ಮಾಡಿದೆ. ನಡೆಸುವವನು ಹಲವು ಕಿಲೋಮೀಟರ್ ದೂರದ ನೆಲಮಾಳಿಗೆಯಲ್ಲಿ ಕನ್ನಡಕದಂಥ ಪರದೆ ಕಟ್ಟಿಕೊಂಡು ಕುಳಿತಿರುತ್ತಾನೆ. ದೇಹ ದೂರದಲ್ಲಿದೆ, ಕಣ್ಣು ಮಾತ್ರ ಎದುರಾಳಿಯ ಮೂಗಿನ ತುದಿಯಲ್ಲಿ. ಓಡುವುದು ಕಾಣುತ್ತದೆ, ಮುಗ್ಗರಿಸುವುದು ಕಾಣುತ್ತದೆ, ಕೈ ಎತ್ತುವುದು ಕಾಣುತ್ತದೆ. ಕೊನೆಯ ಕ್ಷಣದಲ್ಲಿ ಸಿಗ್ನಲ್ ಕಡಿದು ಪರದೆ ಬೂದಾಗುತ್ತದೆ. ಬಿಲ್ಲುಗಾರರ ಕಾಲದಿಂದ ಹಿಡಿದು ಯಾವ ದೂರದ ಆಯುಧವೂ ಕೊಲ್ಲುವವನಿಗೆ ಇಷ್ಟು ಹತ್ತಿರದ ನೋಟ ಕೊಟ್ಟಿರಲಿಲ್ಲ.

ಆ ನೋಟದಿಂದ ಏನಾಯಿತು ಎಂಬುದಕ್ಕೆ ಖೆರ್ಸಾನ್ ನೋಡಬೇಕು. ದಕ್ಷಿಣ ಉಕ್ರೇನಿನ ಈ ಊರು ದ್ನಿಪ್ರೊ ನದಿಯ ಬಲದಂಡೆಯಲ್ಲಿದೆ, ಎಡದಂಡೆ ರಷ್ಯನ್ನರ ಕೈಯಲ್ಲಿದೆ. 2024ರ ಮಧ್ಯದಿಂದ ನದಿಯಾಚೆಯಿಂದ ಹಾರಿ ಬರುವ ಸಣ್ಣ ಡ್ರೋನ್‌ಗಳು ಸೈಕಲ್ ತುಳಿಯುವವರನ್ನು, ಬಸ್ಸುಗಳನ್ನು, ನಡೆದು ಹೋಗುವವರನ್ನು, ಕೊನೆಗೆ ಆಂಬುಲೆನ್ಸ್‌ಗಳನ್ನೂ ಬೆನ್ನಟ್ಟಿ ಹೊಡೆದವು. ಊರಿನವರು ಇದಕ್ಕೆ ಇಟ್ಟ ಹೆಸರು 'ಮನುಷ್ಯರ ಸಫಾರಿ'. ವಿಶ್ವಸಂಸ್ಥೆಯ ಸ್ವತಂತ್ರ ತನಿಖಾ ಆಯೋಗ 2025ರ ಮೇ ತಿಂಗಳಲ್ಲಿ ಇದನ್ನು ಮಾನವತೆಯ ವಿರುದ್ಧದ ಅಪರಾಧ ಎಂದು ತೀರ್ಮಾನಿಸಿತು. ಆ ವೇಳೆಗೆ ಸುಮಾರು 150 ನಾಗರಿಕರು ಸತ್ತಿದ್ದರು. ಇಲ್ಲಿ ಕತ್ತಲಿಲ್ಲ, ಹೊಗೆಯಿಲ್ಲ, ಗುರಿ ತಪ್ಪಿತು ಎನ್ನುವ ನೆಪವಿಲ್ಲ. ಪರದೆಯ ಮೇಲಿರುವುದು ಪಡಿತರ ತರಲು ಹೊರಟ ಮುದುಕಿ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಆ ವಿಡಿಯೊಗಳನ್ನು ಟೆಲಿಗ್ರಾಂ ಚಾನೆಲ್‌ಗಳಲ್ಲಿ ಹಾಕಲಾಯಿತು. ಸಾವಿರಾರು ಜನ ನೋಡಿದರು, ಮೆಚ್ಚಿದರು.

ಹಾಗಾದರೆ ಕಣ್ಣು ಮತ್ತು ಕೈಯ ನಡುವೆ ಏನು ಅಡ್ಡ ಬರುತ್ತದೆ? ನನ್ನ ಉತ್ತರ: ಎಣಿಕೆ. ಬೈಗುಳಕ್ಕೆ ದ್ವೇಷ ಬೇಕು, ದ್ವೇಷವನ್ನು ದಿನವಿಡೀ ಉರಿಸಿಕೊಂಡಿರುವುದು ಕಷ್ಟ. ಎಣಿಕೆಗೆ ಯಾವ ಭಾವನೆಯೂ ಬೇಕಿಲ್ಲ. ಮನಶ್ಶಾಸ್ತ್ರಜ್ಞ ನಿಕ್ ಹ್ಯಾಸ್ಲಮ್ 2006ರಲ್ಲಿ ಅಮಾನವೀಕರಣದ ಎರಡು ಬಗೆಗಳನ್ನು ಬೇರ್ಪಡಿಸಿ ತೋರಿಸಿದರು. ಎದುರಿನವರನ್ನು ಪ್ರಾಣಿಯ ಮಟ್ಟಕ್ಕೆ ಇಳಿಸುವುದು ಒಂದು, ಜಡ ವಸ್ತುವೋ ಯಂತ್ರವೋ ಎಂಬಂತೆ ಕಾಣುವುದು ಇನ್ನೊಂದು. ನಮ್ಮ ಪತ್ರಿಕೆಗಳೂ ನ್ಯಾಯಾಲಯಗಳೂ ಮೊದಲನೆಯದನ್ನು ಕಂಡೊಡನೆ ಗುರುತಿಸುತ್ತವೆ. ಎರಡನೆಯದು ವರದಿ, ಕೋಷ್ಟಕ, ಪಾಯಿಂಟ್‌ಗಳ ವೇಷದಲ್ಲಿ ಬರುವುದರಿಂದ ಅದನ್ನು ಯಾರೂ ಬೈಯುವುದಿಲ್ಲ.

ಇದರ ಪೂರ್ಣ ಪಾಠ ವಿಯೆಟ್ನಾಮಿನಲ್ಲಿದೆ. ಅಲ್ಲಿ ಹಿಡಿಯಲು ಸ್ಥಿರವಾದ ಯುದ್ಧರೇಖೆಯಿರಲಿಲ್ಲ, ಗೆದ್ದ ಊರು ರಾತ್ರಿಯಾದರೆ ಮತ್ತೆ ಕಮ್ಯುನಿಸ್ಟ್ ಗೆರಿಲ್ಲಾಗಳಾದ ವಿಯೆಟ್‌ಕಾಂಗ್ ಕೈಗೆ ಹೋಗುತ್ತಿತ್ತು. ಗೆಲ್ಲುತ್ತಿದ್ದೇವೆಯೋ ಇಲ್ಲವೋ ತಿಳಿಯಲು ಅಮೆರಿಕ ಹಿಡಿದ ಅಳತೆಗೋಲು ಹೆಣಗಳ ಸಂಖ್ಯೆ. ಕಮಾಂಡರುಗಳ ಸಾಧನೆಯನ್ನೂ ಅದರಿಂದಲೇ ಅಳೆದರು. ಕೆಳಗಿನವರು ಬೇಗ ಕಲಿತರು: ಸತ್ತವನು ವಿಯೆಟ್ನಾಮಿಯಾದರೆ ಅವನು ವಿಯೆಟ್‌ಕಾಂಗ್ ಲೆಕ್ಕಕ್ಕೆ. 1968ರ ಡಿಸೆಂಬರಿನಿಂದ 1969ರ ಮೇವರೆಗೆ ಮೆಕಾಂಗ್ ನದೀಮುಖಜ ಭೂಮಿಯಲ್ಲಿ ನಡೆದ 'ಸ್ಪೀಡಿ ಎಕ್ಸ್‌ಪ್ರೆಸ್' ಕಾರ್ಯಾಚರಣೆಯಲ್ಲಿ ಸತ್ತ ಶತ್ರುಗಳು ಸುಮಾರು 10,900, ವಶವಾದ ಆಯುಧಗಳು 748 ಎಂದು ಸೇನೆಯೇ ಹೇಳಿತು. ಹದಿನಾಲ್ಕು-ಹದಿನೈದು ಹೆಣಕ್ಕೆ ಒಂದು ಬಂದೂಕು. ಬರಿಗೈಯಲ್ಲಿ ಸತ್ತವರು ಯಾರು?

ಅದಕ್ಕೂ ಮೊದಲು, 1968ರ ಮಾರ್ಚ್ 16ರಂದು, ಮೈ ಲಾಯ್ ಹಳ್ಳಿಯ ವರದಿ ಬಂದಿತ್ತು: ಸತ್ತ ವಿಯೆಟ್‌ಕಾಂಗ್ 128, ಸಿಕ್ಕ ಬಂದೂಕು 3. ಸೇನೆಗೆ ಇದು ದೊಡ್ಡ ಗೆಲುವಾಗಿ ಕಂಡಿತು. ಆ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದರೆ ಯಾರಿಗಾದರೂ ಹೊಟ್ಟೆ ತೊಳಸಬೇಕಿತ್ತು. ಸತ್ತವರು ಹೆಂಗಸರು, ಮಕ್ಕಳು, ಮುದುಕರು. ವಿಯೆಟ್ನಾಂ ಕೊಟ್ಟ ಲೆಕ್ಕದಲ್ಲಿ 504 ಜನ. ಅಂದು ಆಕಾಶದಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದ ಹ್ಯೂ ಥಾಂಪ್ಸನ್‌ನ ನಡೆ ಬೇರೆ. ಗಾಯಗೊಂಡ ಹಳ್ಳಿಯವರಿಗೆ ಚಿಕಿತ್ಸೆ ಸಿಗಲೆಂದು ಅವನು ಹಸಿರು ಹೊಗೆ ಬಿಟ್ಟು ಜಾಗ ಗುರುತಿಸಿದ್ದ. ತಿರುಗಿ ಬಂದು ನೋಡಿದರೆ ಅವರು ಹೆಣವಾಗಿದ್ದರು. ಆಗ ಅವನು ತನ್ನದೇ ಸೈನಿಕರಿಗೂ ಅಡಗಿದ್ದ ಹಳ್ಳಿಗರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದ. ಇವರ ಮೇಲೆ ಗುಂಡು ಹಾರಿಸಿದರೆ ನಮ್ಮವರ ಮೇಲೆಯೇ ಗುಂಡು ಹಾರಿಸಿ ಎಂದು ತನ್ನ ಇಬ್ಬರು ಸಂಗಡಿಗರಿಗೆ ಹೇಳಿದ. ಅಮೆರಿಕ ಅವನಿಗೆ ಪದಕ ಕೊಟ್ಟು ಇದನ್ನು ಒಪ್ಪಿಕೊಂಡದ್ದು ಮೂವತ್ತು ವರ್ಷಗಳ ಮೇಲೆ, 1998ರಲ್ಲಿ. ಹತ್ಯೆಯಲ್ಲಿ ಶಿಕ್ಷೆಯಾದ ಒಬ್ಬನೇ ಅಧಿಕಾರಿ ವಿಲಿಯಂ ಕ್ಯಾಲಿ, ಜೀವಾವಧಿ ತೀರ್ಪಾಗಿದ್ದರೂ, ಬಹುಪಾಲು ಗೃಹಬಂಧನದಲ್ಲೇ ಇದ್ದು ಮೂರೂವರೆ ವರ್ಷದಷ್ಟರಲ್ಲಿ ಹೊರಬಂದಿದ್ದ.

ಹೆಣದ ಲೆಕ್ಕ ಕೆಟ್ಟದೆಂದು ಅಮೆರಿಕದ ಸೇನೆ ಕಲಿಯಿತು, ಆದರೆ ಲೆಕ್ಕ ಬಿಡಲಿಲ್ಲ. 2003ರ ಇರಾಕ್ ಯುದ್ಧದಲ್ಲಿ ಒಂದು ಬಾಂಬ್ ದಾಳಿಗೆ 30 ಅಥವಾ ಅದಕ್ಕೂ ಹೆಚ್ಚು ನಾಗರಿಕರು ಸಾಯಬಹುದೆಂಬ ಅಂದಾಜಿದ್ದರೆ ಅತ್ಯುನ್ನತ ಮಟ್ಟದ ಒಪ್ಪಿಗೆ ಬೇಕು ಎಂಬ ನಿಯಮವಿತ್ತು. ಅದರರ್ಥ, 29 ಆದರೆ ಕೆಳಗಿನವರೇ ಸಹಿ ಹಾಕಬಹುದು. ನಾಗರಿಕರ ರಕ್ಷಣೆಗೆಂದೇ ಮಾಡಿದ ನಿಯಮ ಇದು, ಇಲ್ಲದಿದ್ದರೆ ಇನ್ನೂ ಹೆಚ್ಚು ಜನ ಸಾಯುತ್ತಿದ್ದರೇನೋ. ಆದರೂ ಅಂಥ ಸಂಖ್ಯೆಯೊಂದು ಗೊತ್ತಾದ ಮೇಲೆ ಅದರೊಳಗಿನ ಸಾವುಗಳು ಮೊದಲೇ ಮಂಜೂರಾದ ಖರ್ಚಾಗುತ್ತವೆ. 2024ರ ಏಪ್ರಿಲ್‌ನಲ್ಲಿ '+972' ಎಂಬ ಇಸ್ರೇಲಿ ಪತ್ರಿಕೆ, 'ಲ್ಯಾವೆಂಡರ್' ಎಂಬ ಎಐ ವ್ಯವಸ್ಥೆ ಗಾಜಾದಲ್ಲಿ 37,000 ಜನರನ್ನು ಗುರಿಗಳೆಂದು ಗುರುತಿಸಿತ್ತು, ಕೆಳದರ್ಜೆಯ ಒಬ್ಬ ಶಂಕಿತನಿಗೆ 15ರಿಂದ 20 ನಾಗರಿಕರ ಸಾವನ್ನು ಒಪ್ಪಲಾಗುತ್ತಿತ್ತು, ಒಂದು ಹೆಸರನ್ನು ಪರಿಶೀಲಿಸಲು ಅಧಿಕಾರಿ ತೆಗೆದುಕೊಳ್ಳುತ್ತಿದ್ದ ಸಮಯ ಸುಮಾರು 20 ಸೆಕೆಂಡ್ ಎಂದು ಗುಪ್ತಚರ ಅಧಿಕಾರಿಗಳ ಮಾತುಗಳನ್ನು ಆಧರಿಸಿ ವರದಿ ಮಾಡಿತು. ಇಸ್ರೇಲ್ ಸೇನೆ ಇದನ್ನು ಒಪ್ಪಿಲ್ಲ. ಅದು ಮಾಹಿತಿ ತಾಳೆ ನೋಡುವ ಸಾಧನ ಮಾತ್ರ, ತೀರ್ಮಾನ ಮನುಷ್ಯರದೇ ಎಂದಿತು. ಇರಲಿ. 'ಮಾನವ ಮೃಗ' ಎಂಬ ಮಾತು ನ್ಯಾಯಾಲಯದ ಆದೇಶ ಸೇರಿತು. 20 ಸೆಕೆಂಡ್ ಎಂಬುದರಲ್ಲಿ ಒಂದು ಕೆಟ್ಟ ಶಬ್ದವೂ ಇಲ್ಲ.

ಎಣಿಕೆ ಶತ್ರುವಿಗೆ ಮಾತ್ರ ಸೀಮಿತವಲ್ಲ. ರಷ್ಯಾದ ವಾಗ್ನರ್ ಎಂಬ ಖಾಸಗಿ ಪಡೆ 2022ರ ಬೇಸಿಗೆಯಿಂದ ಜೈಲುಗಳಿಗೆ ಹೋಗಿ ಕೈದಿಗಳನ್ನು ಸೇರಿಸಿಕೊಂಡಿತು. ಬಾಖ್ಮುತ್ ಎಂಬ ಒಂದು ಊರಿಗಾಗಿ ತನ್ನ 20,000 ಜನ ಸತ್ತರು, ಅರ್ಧದಷ್ಟು ಕೈದಿಗಳು ಎಂದು ಅದರ ಒಡೆಯ ಯೆವ್ಗೆನಿ ಪ್ರಿಗೋಝಿನ್ ತಾನೇ ಹೇಳಿಕೊಂಡ. ಎದುರಾಳಿಯ ಗುಂಡು ಖರ್ಚಾಗಲಿ, ಅಡಗುದಾಣ ಗೊತ್ತಾಗಲಿ ಎಂದು ಅಲೆಯಲೆಯಾಗಿ ಜನರನ್ನು ಮುಂದೆ ದೂಡುವ ಇಂಥ ದಾಳಿಗಳನ್ನು ಎರಡೂ ಕಡೆಯವರು 'ಮಾಂಸದ ದಾಳಿ' ಎನ್ನುತ್ತಾರೆ.

ಆ ಯಂತ್ರದ ಬಾಯಿಗೆ ಕರ್ನಾಟಕದವರೂ ಬಿದ್ದರು. ಯುದ್ಧ ಶುರುವಾದ ವಾರದಲ್ಲೇ, 2022ರ ಮಾರ್ಚ್ 1ರಂದು, ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ದಿನಸಿಗೆಂದು ಹೊರಹೋಗಿ ಶೆಲ್ ದಾಳಿಗೆ ಬಲಿಯಾದ. ಅದು ನಮಗೆ ನೆನಪಿದೆ. ಅಷ್ಟಾಗಿ ನೆನಪಿಲ್ಲದ್ದು ಕಲಬುರಗಿ ಜಿಲ್ಲೆಯ ಯುವಕರ ಕಥೆ. ಭದ್ರತಾ ಸಹಾಯಕರ ಕೆಲಸ, ಒಳ್ಳೆಯ ಸಂಬಳ ಎಂದು ಏಜೆಂಟರು ಆಸೆ ಹುಟ್ಟಿಸಿ ಅವರನ್ನು ರಷ್ಯಾಕ್ಕೆ ಕಳಿಸಿದರು. ಅಲ್ಲಿ ಕೈಗೆ ಬಂದೂಕು ಕೊಟ್ಟು ಯುದ್ಧಭೂಮಿಗೆ ಅಟ್ಟಲಾಯಿತು. ಹೀಗೆ ಹೋಗಿದ್ದ ಗುಜರಾತಿನ ಒಬ್ಬ ಯುವಕ 2024ರ ಫೆಬ್ರುವರಿಯಲ್ಲಿ ಡ್ರೋನ್ ದಾಳಿಯಲ್ಲಿ ಸತ್ತ. ಕಲಬುರಗಿಯವರು ಅದೇ ವರ್ಷ ಸೆಪ್ಟೆಂಬರಿನಲ್ಲಿ, ಭಾರತ ಸರ್ಕಾರದ ಮಾತುಕತೆಯ ನಂತರ, ಜೀವಸಹಿತ ಮರಳಿದರು. ಡ್ರೋನಿನ ಪರದೆಯ ಮೇಲೆ ಅವರು ಹೇಗೆ ಕಂಡಿರಬೇಡ? ರಷ್ಯಾದ ಸಮವಸ್ತ್ರ ತೊಟ್ಟ ಇನ್ನೊಂದು ಆಕೃತಿ. ಆಳಂದ ಕಡೆಯ ಹುಡುಗ ಎಂದು ಹೇಳುವ ಗುರುತು ಯಾವ ಕ್ಯಾಮೆರಾದಲ್ಲೂ ಮೂಡುವುದಿಲ್ಲ.

ಎಣಿಸುವವರ ಮನಸ್ಸೂ ಹಾಗೇ ಉಳಿಯುವುದಿಲ್ಲ. ವಿಮಾನದಲ್ಲಿ ಕುಳಿತು ಹೋರಾಡದ ಅಮೆರಿಕದ ಡ್ರೋನ್ ಚಾಲಕರಲ್ಲೂ, ಹೋರಾಡುವ ಪೈಲಟ್‌ಗಳಲ್ಲೂ ಮಾನಸಿಕ ತೊಂದರೆಯ ಪ್ರಮಾಣ ಹೆಚ್ಚುಕಡಿಮೆ ಒಂದೇ ಎಂದು 2013ರ ಸೇನಾ ಅಧ್ಯಯನವೊಂದು ಕಂಡುಕೊಂಡಿತು. ವಿಯೆಟ್ನಾಮಿನಿಂದ ಮರಳಿದವರಿಗೆ ಚಿಕಿತ್ಸೆ ಕೊಟ್ಟ ಮನೋವೈದ್ಯ ಜಾನಥನ್ ಶೇ ಇಂಥ ನೋವಿಗೆ ಭಯದ ಕಾಯಿಲೆಯಿಂದ ಬೇರೆಯಾದ ಹೆಸರಿಟ್ಟರು: ನೈತಿಕ ಗಾಯ.

ಈಗ ಅದೇ ಡ್ರೋನಿನ ಇನ್ನೊಂದು ಮುಖ. 2023ರ ಮೇ ತಿಂಗಳಲ್ಲಿ ಬಾಖ್ಮುತ್ ಬಳಿಯ ಕಂದಕದಲ್ಲಿ ಒಂಟಿಯಾಗಿ ಉಳಿದ ರಷ್ಯನ್ ಸೈನಿಕನೊಬ್ಬ ತಲೆಯ ಮೇಲಿನ ಡ್ರೋನಿಗೆ ಕೈಸನ್ನೆಯಿಂದಲೇ ಬೇಡಿಕೊಂಡ. ನೋಡುತ್ತಿದ್ದ ಉಕ್ರೇನಿನವರು ಹೊಡೆಯುವ ಯೋಚನೆ ಬಿಟ್ಟು ಒಂದು ಚೀಟಿ ಬೀಳಿಸಿದರು: ಡ್ರೋನ್ ಹಿಂದೆಯೇ ಬಾ. ಅವನು ಹೆಣಗಳನ್ನು ದಾಟಿಕೊಂಡು ಬಂದು ಶರಣಾದ. ಕ್ಯಾಮೆರಾ ಬದಲಾಗಿರಲಿಲ್ಲ, ಹೊತ್ತಿದ್ದ ಯುದ್ಧವೂ ಬದಲಾಗಿರಲಿಲ್ಲ. ಆದರೆ ಕೆಳಗಿನವನು ಮಾತಾಡಿದ, ಅದನ್ನು ಕೇಳಿಸಿಕೊಳ್ಳಲು ಒಂದು ದಾರಿಯಿತ್ತು. 'ನನಗೆ ಬದುಕಬೇಕು' ಎಂಬ ಹೆಸರಿನಲ್ಲಿ ಉಕ್ರೇನ್ 2022ರಲ್ಲೇ ಶರಣಾಗತಿಯ ಸಹಾಯವಾಣಿ ತೆರೆದಿತ್ತು, ಡ್ರೋನಿಗೆ ಶರಣಾಗುವುದು ಹೇಗೆಂದು ಸೂಚನೆಗಳನ್ನೂ ಹಂಚಿತ್ತು.

ನಮ್ಮ ಕಾರ್ಗಿಲ್‌ನಲ್ಲೂ ಒಂದು ಉದಾಹರಣೆಯಿದೆ. 1999ರಲ್ಲಿ ಟೈಗರ್ ಹಿಲ್‌ನಲ್ಲಿ ಸತ್ತ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ ('ಕರ್ನಲ್' ಇಲ್ಲಿ ಹುದ್ದೆಯಲ್ಲ, ಹೆಸರು) ಅವರ ಹೋರಾಟವನ್ನು ಕಂಡ ಭಾರತದ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ, ಈತ ಶೌರ್ಯದಿಂದ ಕಾದಿದ್ದಾನೆ ಎಂದು ಚೀಟಿ ಬರೆದು ಶವದ ಜೇಬಿನಲ್ಲಿಟ್ಟು ಕಳಿಸಿದರು. ಪಾಕಿಸ್ತಾನ ಶೇರ್ ಖಾನ್ ಅವರಿಗೆ ತನ್ನ ಪರಮೋಚ್ಚ ಪದಕ ಕೊಟ್ಟಿತು. ಬಾಜ್ವಾರ ಪಡೆ ಆ ಬೆಟ್ಟವನ್ನು ಗೆದ್ದೇ ತೀರಿತು, ಆ ಕ್ಯಾಪ್ಟನ್ ಸತ್ತದ್ದೂ ಅವರ ಪಡೆಯ ಕೈಯಲ್ಲೇ. ಶತ್ರುವನ್ನು ಗೌರವಿಸಿದರೆ ಸೈನಿಕ ಮೆತ್ತಗಾಗುತ್ತಾನೆ ಎನ್ನುವವರು ಇದನ್ನು ನೋಡಬಹುದು.

ರಣರಂಗಕ್ಕಿಂತ ಬಿಸಿಯಾಗಿರುವುದು ದೂರದ ಸೋಫಾ. 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನ ಕಾದಾಡಿದ ಆ ನಾಲ್ಕು ದಿನಗಳಲ್ಲಿ ನಮ್ಮ ಎಷ್ಟೋ ಟಿವಿ ವಾಹಿನಿಗಳು ಕರಾಚಿ ಬಂದರು ನಾಶವಾಯಿತು ಎಂದು ಕುಣಿದವು. ಆಗಿರಲಿಲ್ಲ. ಇಂಥ ಉನ್ಮಾದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ವಿವರಣೆಯಿದೆ. ನೂರ್ ಕ್ಟೇಲಿ ಮತ್ತು ಎಮಿಲ್ ಬ್ರೂನೊ ವಾನರನಿಂದ ಮಾನವನವರೆಗಿನ ಚಿತ್ರಸಾಲನ್ನು ಜನರ ಮುಂದಿಟ್ಟು, ಬೇರೆ ಬೇರೆ ಸಮುದಾಯಗಳು ಎಲ್ಲಿ ನಿಲ್ಲುತ್ತವೆ ಎಂದು ಕೇಳುತ್ತಿದ್ದರು. ನಾಚಿಕೆಯಿಲ್ಲದೆ ಕೆಳಗಿಟ್ಟು ತೋರಿಸುವವರು ಎಲ್ಲ ಕಡೆ ಸಿಕ್ಕರು. 2014ರ ಗಾಜಾ ಯುದ್ಧದ ವೇಳೆ ಕೇಳಿದಾಗ ಇಸ್ರೇಲಿಗಳೂ ಪ್ಯಾಲೆಸ್ತೀನಿಯರೂ ಪರಸ್ಪರರನ್ನು ಒಂದೇ ಬಗೆಯಲ್ಲಿ ಕೆಳಗಿಟ್ಟರು, ಬಲದಲ್ಲಿ ಅಜಗಜಾಂತರವಿದ್ದರೂ. ಅವರ ಇನ್ನೊಂದು ಶೋಧ ನನಗೆ ಹೆಚ್ಚು ಮುಖ್ಯ: 'ಅವರು ನಮ್ಮನ್ನು ಪ್ರಾಣಿಗಳಂತೆ ಕಾಣುತ್ತಾರೆ' ಎಂದು ನಂಬಿದವರು ಅವರನ್ನು ಪ್ರಾಣಿಗಳಂತೆ ಕಾಣಲು ತೊಡಗುತ್ತಾರೆ. ಆಚೆಯ ಯಾವನೋ ಒಬ್ಬ ಹುಚ್ಚನ ಟ್ವೀಟನ್ನು ಹುಡುಕಿ ತಂದು ಇಡೀ ದೇಶದ ಮನಸ್ಸು ಇದು ಎಂದು ರಾತ್ರಿಯಿಡೀ ತೋರಿಸುವ ನಿರೂಪಕ ಮಾಡುವುದು ಈ ಕೆಲಸ.

ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಪ್ರೋಟೊಕಾಲ್‌ನ 41ನೇ ವಿಧಿ, ಶರಣಾಗುವ ಇಂಗಿತವನ್ನು ಸ್ಪಷ್ಟವಾಗಿ ತೋರಿದವನ ಮೇಲೆ ದಾಳಿ ಮಾಡಬಾರದು ಎನ್ನುತ್ತದೆ. ಸ್ಪಷ್ಟವಾಗಿ ತೋರುವುದು ಎಂದರೆ ನೋಡುವವನೊಬ್ಬ ಇದ್ದಾನೆಂದು ಕಾನೂನು ಊಹಿಸಿದೆ. ಸಿಗ್ನಲ್ ಜಾಮ್ ಆದರೂ ಗುರಿ ತಪ್ಪದಿರಲೆಂದು ಕೊನೆಯ ಹಂತವನ್ನು ಸಾಫ್ಟ್‌ವೇರ್‌ಗೇ ಬಿಡುವ ಡ್ರೋನ್‌ಗಳು ಉಕ್ರೇನಿನಲ್ಲಿ ಆಗಲೇ ಹಾರುತ್ತಿವೆ. ಆ ಕೊನೆಯ ಕ್ಷಣಗಳಲ್ಲಿ ಕೈ ಎತ್ತಿದವನು ಯಾರಿಗೆ ಎತ್ತಿದಂತಾಯಿತು? ಸ್ವಯಂಚಾಲಿತ ಆಯುಧಗಳ ಬಗ್ಗೆ 2026ರೊಳಗೆ ಒಪ್ಪಂದ ಆಗಬೇಕೆಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಂಟೋನಿಯೊ ಗುಟೆರೆಸ್ ಕರೆ ಕೊಟ್ಟಿದ್ದರು. 2023ರ ಡಿಸೆಂಬರಿನಲ್ಲಿ ಸಾಮಾನ್ಯ ಸಭೆ ಈ ವಿಷಯದ ಮೊದಲ ನಿರ್ಣಯವನ್ನು 152 ಮತಗಳಿಂದ ಅಂಗೀಕರಿಸಿತು. ವಿರೋಧಿಸಿದ ನಾಲ್ಕು ದೇಶಗಳು ರಷ್ಯಾ, ಬೆಲಾರುಸ್, ಮಾಲಿ ಮತ್ತು ಭಾರತ. ಜಿನೀವಾದಲ್ಲಿ ಆಗಲೇ ನಡೆಯುತ್ತಿರುವ ಮಾತುಕತೆಯೇ ಸರಿಯಾದ ಜಾಗ ಎಂಬುದು ನಮ್ಮ ಸರ್ಕಾರದ ವಾದ. ಆ ಜಾಗದಲ್ಲಿ ತೀರ್ಮಾನಕ್ಕೆ ಎಲ್ಲರ ಒಮ್ಮತ ಬೇಕು, ಒಂದು ದೇಶ ತಲೆ ಅಲ್ಲಾಡಿಸಿದರೂ ಕೆಲಸ ನಿಲ್ಲುತ್ತದೆ.

ಉಕ್ರೇನಿನ ಪಟ್ಟಿಯಲ್ಲಿ ಈಗ ಇನ್ನೊಂದು ಸಾಲೂ ಇದೆ. ಶತ್ರು ಸೈನಿಕನನ್ನು ಕೊಲ್ಲುವ ಬದಲು ಜೀವಂತ ಸೆರೆಹಿಡಿದರೆ ಸುಮಾರು ಹತ್ತು ಪಟ್ಟು ಪಾಯಿಂಟ್. ಕರುಣೆಯಿಂದ ಅಲ್ಲ, ರಷ್ಯಾದ ಜೈಲುಗಳಲ್ಲಿರುವ ತಮ್ಮವರನ್ನು ಬಿಡಿಸಿಕೊಳ್ಳಲು ವಿನಿಮಯಕ್ಕೆ ಕೈದಿಗಳು ಬೇಕು. ಇದೂ ದರಪಟ್ಟಿಯೇ, ಮನುಷ್ಯ ಇಲ್ಲೂ ಸರಕೇ. ಆದರೂ ಎರಡು ದರಗಳಲ್ಲಿ ಒಂದನ್ನು ಆರಿಸು ಎಂದರೆ ನಾನು ಯೋಚಿಸದೆ ಇದನ್ನು ಆರಿಸುತ್ತೇನೆ.